ನಾಚಿಕೆಯ ಕಾಯಿಲೆಗೂ ಉಂಟು ಅಳತೆಗೋಲು

ಸಕ್ಕರೆ ಕಾಯಿಲೆಯವರು ತಮ್ಮ ಸಕ್ಕರೆಯ ಅಂಕಿಯನ್ನು ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತೇ ಹೇಳುತ್ತಾರೆ. ರಕ್ತದೊತ್ತಡದವರು ಮೇಲಿನದೆಷ್ಟು, ಕೆಳಗಿನದೆಷ್ಟು ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಮಂಡಿನೋವಿನ ಎಕ್ಸ್‌ರೇಯಂತೂ ಮನೆಗೆ ಬಂದವರಿಗೆಲ್ಲ ದರ್ಶನ ಕೊಡುತ್ತದೆ. ಆದರೆ ಇನ್ನೊಂದು ತೊಂದರೆ ಇದೆ. ಅದನ್ನು ಹೆಂಡತಿ ಗಂಡನಿಗೆ ಹೇಳುವುದಿಲ್ಲ, ತಾಯಿ ಮಗಳಿಗೆ ಹೇಳುವುದಿಲ್ಲ, ವೈದ್ಯರ ಎದುರು ಕುಳಿತರೂ ನಾಲಿಗೆ ಏಳುವುದಿಲ್ಲ. ಅದು ಮಲವನ್ನು ಹಿಡಿದಿಟ್ಟುಕೊಳ್ಳಲು ಆಗದಿರುವ ತೊಂದರೆ. ಕೆಲವರಿಗೆ ಅರಿವಿಲ್ಲದೆಯೇ ಸ್ವಲ್ಪ ಸೋರುತ್ತದೆ. ಕೆಲವರಿಗೆ ಅವಸರವಾದರೆ ಶೌಚಾಲಯ ಮುಟ್ಟುವಷ್ಟು ಪುರುಸೊತ್ತು ಸಿಗುವುದಿಲ್ಲ.

ವಿಷಯ ಕೇಳಿ ಮೂಗು ಮುರಿದು ಪುಟ ತಿರುವಬೇಡಿ, ಮಕ್ಕಳೇ. ಇದನ್ನು ಬರೆಯುತ್ತಿರುವುದೇ ನಿಮಗಾಗಿ. ಊರಿನಿಂದ ಬಂದು ನಿಮ್ಮೊಡನೆ ಈ ಮಹಾನಗರದಲ್ಲಿರುವ ಅಜ್ಜಿಗೆ ಹಿಂದಿ ಬಾರದು, ಇಂಗ್ಲಿಷ್ ಬಾರದು. ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವರು ನೀವು. ಅಜ್ಜಿಯ ಕನ್ನಡವನ್ನು ಡಾಕ್ಟರರ ಭಾಷೆಗೆ ದಾಟಿಸುವವರೂ ನೀವೇ. ಅಜ್ಜಿ 'ಹೊಟ್ಟೆ ಸರಿ ಇಲ್ಲ' ಅನ್ನುತ್ತಾರೆ. ನೀವು ಅದನ್ನು 'ಲೂಸ್ ಮೋಷನ್' ಅನ್ನುತ್ತೀರಿ. ಡಾಕ್ಟರು ಬೇಧಿ ನಿಲ್ಲುವ ಮಾತ್ರೆ ಬರೆಯುತ್ತಾರೆ. ಹೇಳಬೇಕಾದ ಮಾತು ಹೇಳದೆಯೇ ಉಳಿಯುತ್ತದೆ. ಅಜ್ಜಿ ಮಾತ್ರ ಮೆಲ್ಲಗೆ ದೇವಸ್ಥಾನಕ್ಕೆ ಹೋಗುವುದನ್ನು ಬಿಡುತ್ತಾರೆ, ಪ್ರಯಾಣದ ಹಿಂದಿನ ದಿನ ಊಟ ಬಿಡುತ್ತಾರೆ. ಮಡಿಯಲ್ಲಿ ಬೆಳೆದವರಾದರೆ ದೇವರ ಕೋಣೆಯ ಹೊಸಿಲನ್ನೂ ದಾಟುವುದಿಲ್ಲ. ಕೇಳಿದರೆ 'ವಯಸ್ಸಾಯಿತಲ್ಲ' ಎನ್ನುವ ಒಂದೇ ಉತ್ತರ.

ವಯಸ್ಸು ಒಂದು ಕಾರಣ ಹೌದು, ಆದರೆ ಅದೇ ಕೊನೆಯ ಮಾತಲ್ಲ. ಈ ತೊಂದರೆಯ ಕಾರಣವನ್ನು ಹುಡುಕಬಹುದು, ಸ್ನಾಯುವಿನ ಬಲವನ್ನು ಅಳೆಯಬಹುದು. ಅಳೆಯುವ ವಿಧಾನಗಳು ಹಲವು. ಯಾವುದು ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು ಎಂಬುದು ಜೊತೆಗೆ ಹೋಗುವವರಿಗೆ ತಿಳಿದಿದ್ದರೆ ಒಳ್ಳೆಯದು.

ಎರಡು ಉಂಗುರ, ಒಂದು ಜೋಲಿ

ಸ್ಫಿಂಕ್ಟರ್ ಎಂಬ ಮಾತು ಗ್ರೀಕ್ ಮೂಲದ್ದು, ಬಿಗಿಯಾಗಿ ಹಿಡಿಯುವಂಥದು ಎಂದು ಅರ್ಥ. ಗುದನಾಳ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಪುಟ್ಟ ದಾರಿ. ಅದರ ಸುತ್ತ ಇಂಥ ಎರಡು ಉಂಗುರಗಳಿವೆ. ಒಳ ಉಂಗುರ ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಹಗಲು ರಾತ್ರಿ ತಾನಾಗಿಯೇ ಬಿಗಿದುಕೊಂಡಿರುತ್ತದೆ, ನಾವು ನಿದ್ದೆ ಹೋದರೂ ಕಾವಲು ಬಿಡುವುದಿಲ್ಲ. ಹೊರ ಉಂಗುರ ನಮ್ಮ ಮಾತು ಕೇಳುತ್ತದೆ. ಬಸ್ಸಿನಲ್ಲಿ ಅವಸರವಾದಾಗ ಹಲ್ಲು ಕಚ್ಚಿ ತಡೆಯುತ್ತೇವಲ್ಲ, ಆಗ ದುಡಿಯುವುದು ಇದೇ. ಇವೆರಡರ ಜೊತೆಗೆ ಹಿಂದಿನಿಂದ ಜೋಲಿಯಂತೆ ಸುತ್ತಿ ಮಲಾಶಯವನ್ನು ಮುಂದಕ್ಕೆ ಎಳೆದು ದಾರಿಯನ್ನು ಬಾಗಿಸುವ ಸ್ನಾಯುವೊಂದಿದೆ. ನೀರಿನ ಪೈಪನ್ನು ಮಡಚಿ ಹಿಡಿದಂತೆ ಅದರ ಕೆಲಸ.

ಒಳ ಉಂಗುರ ಸೋತರೆ ಸಾಮಾನ್ಯವಾಗಿ ಅರಿವಿಲ್ಲದೆ ಸೋರುತ್ತದೆ. ಹೊರ ಉಂಗುರ ಸೋತರೆ ಅರಿವಾಗುತ್ತದೆ, ಆದರೆ ತಡೆಯಲಾಗುವುದಿಲ್ಲ. ಆದ್ದರಿಂದ 'ಗೊತ್ತಾಗದೆ ಆಗುತ್ತದೆಯೋ, ಗೊತ್ತಾಗಿಯೂ ತಡೆಯಲಾಗುವುದಿಲ್ಲವೋ?' ಎಂಬ ಒಂದು ಪ್ರಶ್ನೆಯೇ ಅರ್ಧ ಪರೀಕ್ಷೆ. ಅದನ್ನು ಕೇಳಲು ಯಂತ್ರ ಬೇಡ, ಕನ್ನಡ ಸಾಕು.

ಉಂಗುರ ಕೆಡಲು ಕಾರಣ ಹಲವು. ಕಷ್ಟದ ಹೆರಿಗೆ, ಮೂಲವ್ಯಾಧಿ ಅಥವಾ ಭಗಂದರದ ಶಸ್ತ್ರಚಿಕಿತ್ಸೆ, ಸಕ್ಕರೆ ಕಾಯಿಲೆಯಿಂದ ಸೊರಗಿದ ನರಗಳು, ಬೆನ್ನುಹುರಿಯ ತೊಂದರೆ, ವರ್ಷಗಟ್ಟಲೆ ಮುಕ್ಕರಿಯುವ ಮಲಬದ್ಧತೆ ಇವೆಲ್ಲ ಆ ಸಾಲಿನವು.

ಬೆರಳಿನ ಪರೀಕ್ಷೆ

ಎಲ್ಲಕ್ಕಿಂತ ಹಳೆಯ ಉಪಕರಣ ವೈದ್ಯರ ಕೈಗವಸು ತೊಟ್ಟ ಬೆರಳು. ಸುಮ್ಮನಿದ್ದಾಗ ಬಿಗಿ ಎಷ್ಟು, 'ತಡೆಹಿಡಿಯಿರಿ' ಎಂದಾಗ ಬಿಗಿ ಎಷ್ಟು ಎಂದು ಬೆರಳು ಒಂದೆರಡು ನಿಮಿಷದಲ್ಲಿ ಹೇಳುತ್ತದೆ. 2010ರಲ್ಲಿ ಇದಕ್ಕೊಂದು ಅಂಕಪಟ್ಟಿಯೂ ಬಂತು. ಸೊನ್ನೆಯಿಂದ ಐದರವರೆಗೆ ಅಂಕ, ಮೂರು ಬಂದರೆ ಸಹಜ. ಅಷ್ಟಾದರೂ ಒಬ್ಬ ವೈದ್ಯರ ಬೆರಳು ಕೊಟ್ಟ ಅಂಕವನ್ನು ಇನ್ನೊಬ್ಬರ ಬೆರಳು ಕೊಡಬೇಕೆಂದಿಲ್ಲ. ಅನುಭವಿಯ ಬೆರಳಿಗೂ ಹೊಸಬರ ಬೆರಳಿಗೂ ವ್ಯತ್ಯಾಸವಿದೆ. ಸಣ್ಣ ಹರಕು ಬೆರಳಿಗೆ ತಿಳಿಯದೆ ಹೋಗಬಹುದು.

ಹಾಗೆಂದು ಬೆರಳನ್ನು ಹಗುರವಾಗಿ ಕಾಣುವಂತಿಲ್ಲ. ವೃದ್ಧರಲ್ಲಿ ಎಷ್ಟೋ ಸಲ ಮಲ ಗಟ್ಟಿಯಾಗಿ ಕಲ್ಲಿನಂತೆ ಮಲಾಶಯದಲ್ಲಿ ತುಂಬಿಕೊಂಡಿರುತ್ತದೆ, ಅದರ ಸುತ್ತಿನಿಂದ ನೀರಾದ ಮಲ ಸೋರುತ್ತದೆ. ಮನೆಯವರು ಅದನ್ನು ಬೇಧಿ ಎಂದು ತಿಳಿಯುತ್ತಾರೆ. ಬೇಧಿ ನಿಲ್ಲುವ ಮಾತ್ರೆ ಕೊಟ್ಟರೆ ಕಲ್ಲು ಇನ್ನಷ್ಟು ಗಟ್ಟಿಯಾಗುತ್ತದೆ. ಇದನ್ನು ಬೆರಳು ಕ್ಷಣದಲ್ಲಿ ಕಂಡುಹಿಡಿಯುತ್ತದೆ. ಅಜ್ಜಿ ಈ ಪರೀಕ್ಷೆಗೆ ನಾಚಿಕೊಂಡರೆ ಮಹಿಳಾ ವೈದ್ಯರನ್ನು ಕೇಳಿ ಪಡೆಯಿರಿ, ಪರೀಕ್ಷೆಯನ್ನೇ ತಪ್ಪಿಸಬೇಡಿ.

ಒತ್ತಡದ ಅಳತೆ

ಎರಡನೆಯದು ಮ್ಯಾನೊಮೆಟ್ರಿ. ಪೆನ್ಸಿಲಿಗಿಂತ ಸಣ್ಣದಾದ ಒಂದು ನಳಿಕೆಯನ್ನು ಗುದನಾಳದೊಳಗಿಟ್ಟು ಒತ್ತಡವನ್ನು ಅಂಕಿಯಲ್ಲಿ ಪಡೆಯುವ ವಿಧಾನ. ಸುಮ್ಮನಿದ್ದಾಗಿನ ಒತ್ತಡ ಹೆಚ್ಚಾಗಿ ಒಳ ಉಂಗುರದ ಕೊಡುಗೆ. ಬಿಗಿಹಿಡಿದಾಗ ಏರುವ ಒತ್ತಡ ಹೊರ ಉಂಗುರದ್ದು. ಎಷ್ಟು ಏರುತ್ತದೆ ಎಂಬುದಷ್ಟೇ ಅಲ್ಲ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೂ ಮುಖ್ಯ. ನಳಿಕೆಯ ತುದಿಯಲ್ಲೊಂದು ಪುಟ್ಟ ಬಲೂನಿರುತ್ತದೆ. ಅದನ್ನು ಮೆಲ್ಲಗೆ ಉಬ್ಬಿಸುತ್ತ 'ಮೊದಲು ಅರಿವಾದದ್ದು ಯಾವಾಗ? ಅವಸರವಾದದ್ದು ಯಾವಾಗ? ಇನ್ನು ತಡೆಯಲಾರೆ ಎನಿಸಿದ್ದು ಯಾವಾಗ?' ಎಂದು ಕೇಳುತ್ತಾರೆ. ಸ್ನಾಯು ಗಟ್ಟಿಯಾಗಿದ್ದರೂ ಅರಿವು ಮಂದವಾಗಿದ್ದರೆ ಸೋರಬಹುದು. ಮಲಾಶಯ ಸ್ವಲ್ಪಕ್ಕೇ ಸಿಡುಕುವಂತಿದ್ದರೂ ಸೋರಬಹುದು. ಇಲ್ಲಿ ದುಭಾಷಿ ನೀವಾಗಿದ್ದರೆ ಈ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಿ. ಮೂರನ್ನೂ 'ಏನಾದರೂ ಆಗ್ತಾ ಇದೆಯಾ?' ಎಂಬ ಒಂದೇ ಮಾತಿನಲ್ಲಿ ಮುಗಿಸಿದರೆ ಅಂಕಿ ಕೆಟ್ಟುಹೋಗುತ್ತದೆ.

ಹಳೆಯ ಯಂತ್ರಗಳಲ್ಲಿ ನಳಿಕೆಯ ರಂಧ್ರಗಳಿಂದ ನೀರು ಸಣ್ಣಗೆ ಹರಿಯುತ್ತಿತ್ತು, ಕೆಲವೇ ಕಡೆ ಒತ್ತಡ ದಾಖಲಾಗುತ್ತಿತ್ತು, ನಳಿಕೆಯನ್ನು ಸ್ವಲ್ಪ ಸ್ವಲ್ಪವೇ ಹೊರಗೆಳೆಯುತ್ತ ಅಳೆಯಬೇಕಿತ್ತು. ಈಗಿನ ಹೈ ರೆಸಲ್ಯೂಷನ್ ಮ್ಯಾನೊಮೆಟ್ರಿಯಲ್ಲಿ ಸಂವೇದಕಗಳು ಒತ್ತೊತ್ತಾಗಿವೆ. ಒಂದು ಬಗೆಯಲ್ಲಂತೂ 256 ಸಂವೇದಕಗಳು. ನಳಿಕೆಯನ್ನು ಎಳೆದಾಡುವ ಕೆಲಸವಿಲ್ಲ. ಒತ್ತಡ ಹೆಚ್ಚಿದ್ದಲ್ಲಿ ಕೆಂಪು, ಕಡಿಮೆಯಿದ್ದಲ್ಲಿ ನೀಲಿ, ಹೀಗೆ ಪರದೆಯ ಮೇಲೆ ಬಣ್ಣದ ಭೂಪಟವೇ ಮೂಡುತ್ತದೆ.

ಆದರೆ ಒಂದು ಎಚ್ಚರಿಕೆ. ಸುಮ್ಮನಿದ್ದಾಗಿನ ಒತ್ತಡ ಪಾದರಸದ 40ರಿಂದ 70 ಮಿಲಿಮೀಟರ್ ಎಂದು ಸಾಮಾನ್ಯವಾಗಿ ಹೇಳುತ್ತಾರಾದರೂ ಇದು ರಕ್ತದೊತ್ತಡದ ಅಂಕಿಯಂತೆ ಎಲ್ಲ ಕಡೆ ಒಂದೇ ಅಲ್ಲ. ಯಂತ್ರ ಬದಲಾದರೆ ಅಂಕಿ ಬದಲಾಗುತ್ತದೆ. ಹೆಂಗಸರಲ್ಲಿ ಗಂಡಸರಿಗಿಂತ ಕಡಿಮೆ, ವಯಸ್ಸಾದಂತೆ ಇನ್ನೂ ಕಡಿಮೆ. ಒಂದು ಆಸ್ಪತ್ರೆಯ ವರದಿಯನ್ನು ಇನ್ನೊಂದರ ವರದಿಯ ಪಕ್ಕಕ್ಕಿಟ್ಟು 'ಅಜ್ಜಿಗೆ ಗುಣವಾಯಿತು' ಎಂದು ಸಂತೋಷಪಡುವ ಮೊದಲು ಯಂತ್ರ ಒಂದೇ ಜಾತಿಯದೇ ಎಂದು ಕೇಳಬೇಕು. ಈ ಗೊಂದಲ ತಪ್ಪಿಸಲು ಬೇರೆ ಬೇರೆ ದೇಶಗಳ ತಜ್ಞರು ಸೇರಿ ಪರೀಕ್ಷೆಯ ಕ್ರಮವನ್ನೂ ಫಲಿತಾಂಶ ಹೇಳುವ ಭಾಷೆಯನ್ನೂ ಒಂದುಗೂಡಿಸಿ 2020ರಲ್ಲಿ 'ಲಂಡನ್ ವರ್ಗೀಕರಣ'ವನ್ನು ಪ್ರಕಟಿಸಿದರು.

ಚಿತ್ರ ತೋರಿಸುವ ಶಬ್ದ

ಮ್ಯಾನೊಮೆಟ್ರಿ ಉಂಗುರ ದುರ್ಬಲವೆಂದು ಹೇಳುತ್ತದೆ, ಏಕೆ ದುರ್ಬಲವೆಂದು ಹೇಳಲಾರದು. ಹರಿದಿದೆಯೇ, ಸೊರಗಿದೆಯೇ, ನರ ಕೈಕೊಟ್ಟಿದೆಯೇ? ಇಲ್ಲಿ ನೆರವಿಗೆ ಬಂದದ್ದು ಅಲ್ಟ್ರಾಸೌಂಡ್. 1989ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಲಾ ಮತ್ತು ಬಾರ್ಟ್ರಮ್ ಗುದನಾಳದೊಳಗಿಂದಲೇ ಚಿತ್ರ ತೆಗೆಯುವ ವಿಧಾನವನ್ನು ವಿವರಿಸಿದರು. ಚಿತ್ರದಲ್ಲಿ ಒಳ ಉಂಗುರ ಕಪ್ಪು ಬಳೆಯಂತೆ, ಅದರ ಹೊರಗಿನದು ಮಸುಕು ಬಿಳಿಯ ಬಳೆಯಂತೆ ಕಾಣುತ್ತದೆ. ಬಳೆ ಒಡೆದಿದ್ದರೆ ಬಿರುಕು ಎಲ್ಲಿಂದ ಎಲ್ಲಿಯವರೆಗೆ ಎಂದು ಗಡಿಯಾರದ ಮುಖದ ಮೇಲೆ ಗುರುತಿಸಿದಂತೆ, ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ಎಂದು ಬರೆಯುತ್ತಾರೆ. ಅದಕ್ಕೆ ಮುಂಚೆ ಹರಕು ಹುಡುಕಲು ಸ್ನಾಯುವಿನ ಸುತ್ತ ಸೂಜಿ ಚುಚ್ಚಿ ವಿದ್ಯುತ್ ಸಂಕೇತ ನೋಡಬೇಕಿತ್ತು. ಅದರ ನೋವು ಹೇಳತೀರದು.

ಈ ಚಿತ್ರ ಹೆಂಗಸರ ಪಾಲಿಗೆ ಒಂದು ದೊಡ್ಡ ಸತ್ಯವನ್ನು ಬೆಳಕಿಗೆ ತಂದಿತು. 1993ರಲ್ಲಿ ಅಬ್ದುಲ್ ಸುಲ್ತಾನ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಬಾಣಂತಿಯರನ್ನು ಪರೀಕ್ಷಿಸಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಸಹಜ ದಾರಿಯಲ್ಲಿ ಚೊಚ್ಚಲ ಹೆರಿಗೆಯಾದ 79 ಮಂದಿಯಲ್ಲಿ 28 ಮಂದಿಗೆ, ಎಂದರೆ ನೂರಕ್ಕೆ 35ರಷ್ಟು ಮಂದಿಗೆ, ಆರು ವಾರಗಳ ಮೇಲೂ ಉಂಗುರದಲ್ಲಿ ಹರಕು ಕಂಡಿತು. ಇಕ್ಕಳ ಹಾಕಿ ಹೆರಿಗೆ ಮಾಡಿಸಿದ 10 ಮಂದಿಯಲ್ಲಿ 8 ಮಂದಿಗೆ ಹರಕಿತ್ತು. ಚೊಚ್ಚಲ ಬಾಣಂತಿಯರಲ್ಲಿ ತೊಂದರೆ ಹೇಳಿಕೊಂಡವರು ನೂರಕ್ಕೆ 13 ಮಾತ್ರ. ಉಳಿದವರಲ್ಲಿ ಹರಕು ಸದ್ದಿಲ್ಲದೆ ಉಳಿಯಿತು. ಹೀಗೆ ಉಳಿದದ್ದು ಮುಟ್ಟು ನಿಂತ ಮೇಲೆ, ಸ್ನಾಯು ಸೊರಗಿದ ಮೇಲೆ ತಲೆಯೆತ್ತಬಹುದು. ನಿಮ್ಮ ಅಜ್ಜಿಯ ಇಂದಿನ ಸೋರಿಕೆಗೆ ನಿಮ್ಮ ಅಪ್ಪನನ್ನೋ ಅಮ್ಮನನ್ನೋ ಹೆತ್ತ ಆ ರಾತ್ರಿಯೇ ಕಾರಣವಾಗಿರಬಹುದು. ಇದು ನಾಚಿಕೆಪಡುವ ವಿಷಯವೇ, ನೀವೇ ಹೇಳಿ.

ಎಂ.ಆರ್.ಐ. ಕೂಡ ಇದೇ ಚಿತ್ರವನ್ನು ತೆಗೆಯುತ್ತದೆ. ಒಳ ಉಂಗುರದ ಹರಕಿಗೆ ಅಲ್ಟ್ರಾಸೌಂಡ್ ಉತ್ತಮ. ಹೊರ ಉಂಗುರ ಹರಿಯದೆ ಬರೀ ತೆಳುವಾಗಿ ಕೊಬ್ಬು ತುಂಬಿದ್ದರೆ ಅದನ್ನು ಎಂ.ಆರ್.ಐ. ಚೆನ್ನಾಗಿ ತೋರಿಸುತ್ತದೆ.

ನರದ ಪರೀಕ್ಷೆ

ಸ್ನಾಯುವಿಗೆ ಆಜ್ಞೆ ಒಯ್ಯುವ ಪ್ಯುಡೆಂಡಲ್ ನರದ ವೇಗವನ್ನು ಅಳೆಯುವ ವಿಧಾನವೊಂದು 1980ರ ದಶಕದಲ್ಲಿ ಬಹಳ ಹೆಸರು ಮಾಡಿತು. ಕೈಗವಸಿಗೆ ಅಂಟಿಸಿದ ವಿದ್ಯುದಗ್ರದಿಂದ ನರವನ್ನು ಕೆಣಕಿ, ಸ್ನಾಯು ಎಷ್ಟು ಹೊತ್ತಿಗೆ ಸಂಕೋಚಿಸುತ್ತದೆ ಎಂದು ನೋಡುವುದು. ಸಹಜವಾಗಿದ್ದರೆ ಸುಮಾರು 2 ಮಿಲಿಸೆಕೆಂಡು. ಆದರೆ ಇದು ಉಳಿದಿರುವ ಎಳೆಗಳಲ್ಲಿ ಅತಿ ವೇಗದವನ್ನು ಮಾತ್ರ ಅಳೆಯುತ್ತದೆ. ನೂರು ಓಟಗಾರರಲ್ಲಿ ತೊಂಬತ್ತು ಮಂದಿ ಬಿದ್ದು ಹತ್ತು ಮಂದಿ ಸಮಯಕ್ಕೆ ಮುಟ್ಟಿದರೂ 'ತಂಡ ಚೆನ್ನಾಗಿದೆ' ಎಂದಂತೆ. ಅಮೆರಿಕದ ಜಠರಕರುಳು ತಜ್ಞರ ಸಂಘ 1999ರಲ್ಲೇ ಇದನ್ನು ಶಿಫಾರಸು ಮಾಡಲಾಗದೆಂದಿತು. ಹೆಸರು ದೊಡ್ಡದಿದ್ದ ಮಾತ್ರಕ್ಕೆ ಪರೀಕ್ಷೆ ದೊಡ್ಡದಲ್ಲ.

ಯಾವುದು ಮೇಲು?

ಇದು ತಕ್ಕಡಿ ಮೇಲೋ ಗಜಕಡ್ಡಿ ಮೇಲೋ ಎಂದು ಕೇಳಿದಂತೆ. ಬೆರಳು ಮೊದಲ ಸುಳಿವು ಕೊಡುತ್ತದೆ. ಮ್ಯಾನೊಮೆಟ್ರಿ ಬಲವನ್ನೂ ಅರಿವನ್ನೂ ಹೇಳುತ್ತದೆ. ಅಲ್ಟ್ರಾಸೌಂಡ್ ಆಕಾರವನ್ನು ತೋರಿಸುತ್ತದೆ. ಉಂಗುರ ಅಖಂಡವಾಗಿದ್ದೂ ಒತ್ತಡ ಇಲ್ಲದವರಿದ್ದಾರೆ, ಹರಿದಿದ್ದೂ ಒತ್ತಡ ಸಾಕಷ್ಟು ಉಳಿದವರಿದ್ದಾರೆ. ಮೊದಲನೆಯವರಿಗೆ ಹೊಲಿಗೆಯಿಂದ ಲಾಭವಿಲ್ಲ, ಎರಡನೆಯವರಿಗೆ ಹೊಲಿಗೆ ಬೇಡವಾಗಬಹುದು. ಅಳತೆ ಬೇಕಾಗುವುದು ಇಂಥ ತೀರ್ಮಾನಕ್ಕೆ. ಮಲ ಗಟ್ಟಿಯಾಗಲು ಇಸಬ್ಗೋಲ್, ಆಹಾರದ ಬದಲಾವಣೆ, ವೈದ್ಯರು ಹೇಳಿದ ಮಾತ್ರೆ, ಸ್ನಾಯುವಿನ ವ್ಯಾಯಾಮ, ಇವುಗಳಿಂದ ಚಿಕಿತ್ಸೆ ಆರಂಭಿಸಲು ಎಲ್ಲ ಯಂತ್ರಗಳಿಗೂ ಕಾಯಬೇಕಿಲ್ಲ. ಅವು ಸಾಲದಾದಾಗ ಶಸ್ತ್ರಚಿಕಿತ್ಸೆಯೋ ಬೆನ್ನಿನ ಕೆಳಗಿನ ನರವನ್ನು ಪುಟ್ಟ ಸಾಧನದಿಂದ ಪ್ರಚೋದಿಸುವುದೋ ಎಂದು ಯೋಚಿಸುವ ಹಂತದಲ್ಲಿ ಒತ್ತಡ, ಚಿತ್ರ ಎರಡೂ ಬೇಕು.

ಆದರೆ ಈ ಯಾವ ಯಂತ್ರವೂ ಅಳೆಯದ ಒಂದು ವಸ್ತುವಿದೆ. ಅದು ರೋಗಿಯ ಸಂಕಟ. ಒತ್ತಡ ತೀರ ಕಡಿಮೆಯಿದ್ದೂ ಹೇಗೋ ನಿಭಾಯಿಸುವವರುಂಟು. ಅಂಕಿ ಚೆನ್ನಾಗಿದ್ದೂ ಮನೆಯಿಂದ ಹೊರಬೀಳದವರುಂಟು. ಅದಕ್ಕೆಂದೇ ವೈದ್ಯರು ಪ್ರಶ್ನಾವಳಿಗಳನ್ನು ಮಾಡಿದ್ದಾರೆ. 1993ರಲ್ಲಿ ಬಂದ, ವೆಕ್ಸ್ನರ್ ಹೆಸರಿನಿಂದ ಪ್ರಸಿದ್ಧವಾದ ಅಂಕಪಟ್ಟಿಯಲ್ಲಿ ಐದು ಪ್ರಶ್ನೆಗಳಿವೆ. ಗಟ್ಟಿ ಮಲ ಎಷ್ಟು ಸಲ ಸೋರುತ್ತದೆ, ನೀರಾದದ್ದು ಎಷ್ಟು ಸಲ, ವಾಯು ಎಷ್ಟು ಸಲ, ಬಟ್ಟೆ ಅಥವಾ ಪ್ಯಾಡ್ ಎಷ್ಟು ಸಲ ಬೇಕಾಗುತ್ತದೆ, ದಿನಚರಿ ಎಷ್ಟು ಸಲ ಕೆಡುತ್ತದೆ. ಒಟ್ಟು 20 ಅಂಕ. ಸೊನ್ನೆಯಾದರೆ ತೊಂದರೆಯಿಲ್ಲ, ಇಪ್ಪತ್ತಾದರೆ ಹಿಡಿತವೇ ಇಲ್ಲ. ಈ ಅಳತೆಯ ಉಪಕರಣ ಮಾತು.

ಮಾತಿನ ಬೆಲೆಗೆ ಇನ್ನೊಂದು ಸಾಕ್ಷಿಯುಂಟು. 2003ರಲ್ಲಿ ಸೇಂಟ್ ಮಾರ್ಕ್ಸ್ ಆಸ್ಪತ್ರೆಯವರು 171 ರೋಗಿಗಳನ್ನು ನಾಲ್ಕು ಗುಂಪು ಮಾಡಿ ನೋಡಿದರು. ಯಂತ್ರ ನೋಡಿಕೊಂಡು ಸ್ನಾಯು ಪಳಗಿಸುವ ಬಯೋಫೀಡ್‌ಬ್ಯಾಕ್ ಪಡೆದವರಿಗಿಂತ, ಸಮಾಧಾನವಾಗಿ ಕೂರಿಸಿ ತಿಳಿವಳಿಕೆ, ಸಲಹೆ ಕೊಟ್ಟವರು ಹಿಂದೆ ಬೀಳಲಿಲ್ಲ. ಸುಮಾರು ಅರ್ಧದಷ್ಟು ಮಂದಿ ಸುಧಾರಿಸಿದರು.

ಆಸ್ಪತ್ರೆಗೆ ಹೋಗುವಾಗ

ಹೋಗುವ ಮೊದಲು ಒಂದು ವಾರ ಸಣ್ಣ ಟಿಪ್ಪಣಿ ಇಡಿ. ದಿನಕ್ಕೆ ಎಷ್ಟು ಸಲ, ಗಟ್ಟಿಯೋ ನೀರೋ, ಅರಿವಿತ್ತೋ ಇಲ್ಲವೋ ಎಂದು ಬರೆಯಿರಿ. ಹೆರಿಗೆಗಳು ಹೇಗಾದವು, ಗುದದ ಭಾಗದಲ್ಲಿ ಶಸ್ತ್ರಚಿಕಿತ್ಸೆ ಆಗಿದೆಯೇ, ಯಾವ ಮಾತ್ರೆಗಳಿವೆ ಎಂದು ಬರೆದುಕೊಳ್ಳಿ. ವೈದ್ಯರು ಪರೀಕ್ಷೆ ಹೇಳಿದರೆ 'ಇದರಿಂದ ಏನು ತಿಳಿಯುತ್ತದೆ, ತಿಳಿದರೆ ಚಿಕಿತ್ಸೆ ಬದಲಾಗುತ್ತದೆಯೇ?' ಎಂದು ವಿನಯದಿಂದಲೇ ಕೇಳಿ. ಮಲದಲ್ಲಿ ರಕ್ತ, ತೂಕ ಇಳಿಯುವುದು, ಮಲದ ರೂಢಿ ಹಠಾತ್ತನೆ ಬದಲಾಗುವುದು ಕಂಡರೆ ತಡಮಾಡಬೇಡಿ. ಇದ್ದಕ್ಕಿದ್ದಂತೆ ಹಿಡಿತ ತಪ್ಪಿ, ಜೊತೆಗೆ ಮೂತ್ರ ಕಟ್ಟುವುದು, ಕೂರುವ ಜಾಗ ಜೋಮು ಹಿಡಿಯುವುದು, ಕಾಲು ಸೋಲುವುದು ಕಂಡರೆ ಅದು ಬೆನ್ನುಹುರಿಯ ನರಗಳ ತುರ್ತು. ಅದೇ ಗಳಿಗೆ ಆಸ್ಪತ್ರೆಗೆ ಓಡಬೇಕು.

ಮತ್ತು ಕೇಳುವಾಗ ಎಲ್ಲರೆದುರು ಕೇಳಬೇಡಿ. ಕೋಣೆಯ ಬಾಗಿಲು ಸರಿಸಿ, ಪಕ್ಕದಲ್ಲಿ ಕುಳಿತು, ಮನೆಯ ಮಾತಿನಲ್ಲಿ ಕೇಳಿ. 'ಮಕ್ಕಳಿಗೆ ಕನ್ನಡ ಬಂದು ಏನಾಗಬೇಕಿದೆ?' ಎಂದು ಈ ಊರಿನಲ್ಲಿ ಎಷ್ಟೋ ಮಂದಿ ಕೇಳುತ್ತಾರೆ. ಅಜ್ಜಿಯ ಬಾಯಿಂದ ಈ ಒಂದು ಮಾತು ಹೊರಬರುವಷ್ಟು ಕನ್ನಡ ನಿಮಗಿದ್ದರೆ, ಅವರಿಗೆ ಸಾಕಷ್ಟು ಉತ್ತರ ಕೊಟ್ಟಂತಾಯಿತು.