ಗೆರ್ (ಫ್ರೆಂಚ್ ಪದ)

ಗೆರ್ ಎಂಬುದು ಫ್ರೆಂಚ್ ಭಾಷೆಯಲ್ಲಿ 'ಯುದ್ಧ' ಎಂಬ ಅರ್ಥವನ್ನು ಕೊಡುವ ನಾಮಪದ. ಇದು ಸ್ತ್ರೀಲಿಂಗವಾದ್ದರಿಂದ 'ಲಾ ಗೆರ್' ಎಂದು ಬಳಕೆಯಾಗುತ್ತದೆ. ಫ್ರೆಂಚ್ ಭಾಷೆ ಲ್ಯಾಟಿನ್‌ನಿಂದ ಹುಟ್ಟಿದ್ದರೂ ಈ ಪದ ಲ್ಯಾಟಿನ್ ಮೂಲದ್ದಲ್ಲ, ಜರ್ಮ್ಯಾನಿಕ್ ಮೂಲದ್ದು.

ವ್ಯುತ್ಪತ್ತಿ

5ನೆಯ ಶತಮಾನದ ಕೊನೆಯಲ್ಲಿ ಗಾಲ್ ಪ್ರದೇಶದಲ್ಲಿ (ಇಂದಿನ ಫ್ರಾನ್ಸ್) ಪ್ರಾಬಲ್ಯಕ್ಕೆ ಬಂದ ಫ್ರಾಂಕರು ಜರ್ಮ್ಯಾನಿಕ್ ಭಾಷೆಯೊಂದನ್ನು ಆಡುತ್ತಿದ್ದರು. ಅವರ ಭಾಷೆಯಲ್ಲಿ ಇದ್ದಿರಬೇಕೆಂದು ಭಾಷಾವಿಜ್ಞಾನಿಗಳು ಪುನಾರಚಿಸಿರುವ 'ವೆರ್ರಾ' ಎಂಬ ರೂಪವೇ ಗೆರ್ ಪದದ ಮೂಲ. ಅದರ ಅರ್ಥ ಗೊಂದಲ, ಕಲಹ. 'ಗೊಂದಲಗೊಳಿಸು' ಎಂಬ ಅರ್ಥದ ಇಂದಿನ ಜರ್ಮನ್ ಕ್ರಿಯಾಪದ 'ಫೆರ್‌ವಿರೆನ್' ಇದೇ ಧಾತುವಿಗೆ ಸೇರಿದ್ದು. ಹೀಗೆ ಪದದ ಮೂಲಾರ್ಥದಲ್ಲಿ ಶೌರ್ಯವಾಗಲಿ ವಿಜಯವಾಗಲಿ ಇಲ್ಲ. ಇರುವುದು ಬದುಕಿನ ವ್ಯವಸ್ಥೆ ಕದಡಿಹೋದ ಸ್ಥಿತಿ.

ಲ್ಯಾಟಿನ್‌ನಲ್ಲಿ ಯುದ್ಧಕ್ಕೆ 'ಬೆಲ್ಲುಮ್' ಎಂಬ ಪದವಿತ್ತು. 'ಸುಂದರ' ಎಂಬ ಅರ್ಥದ 'ಬೆಲ್ಲುಸ್' ಪದದೊಡನೆ ಅದು ರೂಪದಲ್ಲಿ ಬೆರೆತುಹೋಗುವಂತಿದ್ದುದು ಬಳಕೆ ತಪ್ಪಲು ಒಂದು ಕಾರಣವೆಂದು ವಿದ್ವಾಂಸರು ವಿವರಿಸುತ್ತಾರೆ. ಆದರೂ ಅದು ಪೂರ್ತಿಯಾಗಿ ಅಳಿಯಲಿಲ್ಲ. ಇಂಗ್ಲಿಷಿನ 'ರೆಬೆಲ್' ಪದದಲ್ಲಿ ಅಡಗಿರುವುದು ಈ ಬೆಲ್ಲುಮ್ ಪದವೇ.

ಧ್ವನಿ ಬದಲಾವಣೆ

ಜರ್ಮ್ಯಾನಿಕ್ ಪದಗಳ ಆದಿಯ ವಕಾರ ಫ್ರೆಂಚಿನಲ್ಲಿ ಮೊದಲು 'ಗ್ವ' ಎಂದೂ ಬಳಿಕ 'ಗ' ಎಂದೂ ಬದಲಾಯಿತು. 'ವಿಲಿಯಂ' ಎಂಬ ಹೆಸರು ಫ್ರೆಂಚಿನಲ್ಲಿ 'ಗಿಯೋಮ್' ಆದದ್ದು ಈ ನಿಯಮದಂತೆಯೇ. ಆದರೆ ಉತ್ತರದ ನಾರ್ಮನ್ ಉಪಭಾಷೆ ಹಳೆಯ ವಕಾರವನ್ನು ಉಳಿಸಿಕೊಂಡಿತು. 1066ರ ನಾರ್ಮನ್ ವಿಜಯದ ತರುವಾಯ ಆ ರೂಪ ಇಂಗ್ಲೆಂಡಿಗೆ ಹೋಗಿ 'ವಾರ್' ಆಯಿತು. ಆದ್ದರಿಂದ 'ಗೆರ್' ಮತ್ತು 'ವಾರ್' ಒಂದೇ ಪದದ ಎರಡು ರೂಪಗಳು. ನಾವು ದಿನನಿತ್ಯ ಕೇಳುವ 'ಗ್ಯಾರಂಟಿ' ಮತ್ತು 'ವಾರಂಟಿ' ಕೂಡ ಇಂಥದೇ ಜೋಡಿ.

ಅರ್ಥ ಮತ್ತು ಬಳಕೆ

ಗೆರ್ ಎಂದರೆ ಇಡೀ ಯುದ್ಧ. ಅದರೊಳಗಿನ ಒಂದೊಂದು ಕಾಳಗಕ್ಕೆ 'ಬತಾಯ್' ಎಂಬ ಬೇರೆ ಪದವಿದೆ. 1914–1918ರ ಮೊದಲ ಮಹಾಯುದ್ಧವನ್ನು ಫ್ರೆಂಚರು 'ಲಾ ಗ್ರಾಂದ್ ಗೆರ್', ಅಂದರೆ ಮಹಾಯುದ್ಧ, ಎಂದೇ ಕರೆಯುತ್ತಾರೆ. 'ನೋಂ ದ ಗೆರ್' ಎಂದರೆ ಹಿಂದೆ ಸೈನಿಕರು ಸೇನೆಗೆ ಸೇರುವಾಗ ಇಟ್ಟುಕೊಳ್ಳುತ್ತಿದ್ದ ಹೆಸರು. ಈಗ ಯಾವುದೇ ಗುಪ್ತನಾಮಕ್ಕೂ ಸಲ್ಲುತ್ತದೆ.

ಸೋದರ ಪದಗಳು

ಇಟಾಲಿಯನ್, ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಇದೇ ಮೂಲದ 'ಗೆರ್ರಾ' ಪದವಿದೆ. ಸ್ಪ್ಯಾನಿಷ್‌ನಲ್ಲಿ ಅದರ ಅಲ್ಪಾರ್ಥಕ ರೂಪ 'ಗೆರಿಲ್ಲಾ', ಅಂದರೆ ಕಿರುಯುದ್ಧ. ನೆಪೋಲಿಯನ್ನನ ಸೇನೆಯ ವಿರುದ್ಧ 1808ರಿಂದ 1814ರವರೆಗೆ ಸ್ಪೇನಿನ ಜನ ನಡೆಸಿದ ಹೋರಾಟದಿಂದ ಈ ಪದ ಜಗತ್ತಿನಲ್ಲೆಲ್ಲ ಪ್ರಚಾರಕ್ಕೆ ಬಂದಿತು. ಕನ್ನಡದಲ್ಲಿ ರೂಢಿಯಾಗಿರುವ 'ಗೆರಿಲ್ಲಾ ಯುದ್ಧ' ಎಂಬ ಮಾತಿನಲ್ಲಿ ಯುದ್ಧ ಎಂಬ ಅರ್ಥ ಎರಡು ಬಾರಿ ಬಂದಿದೆ.