ನಿಮಗಿದು ಗೊತ್ತೇ? ಮನಸ್ಸಿನ ಡಾಕ್ಟ್ರು ತಾಲ್ಲೂಕಿಗೇ ಬರ್ತಾರೆ

◆ 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನಬೆಳಗಾದರೆ ಸುದ್ದಿಯಾದಾಗ ಜನ ತಪಾಸಣೆಗೆಂದು ಮೈಸೂರಿನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಸಾವುಗಳೇನೂ ಅಸಹಜವಾಗಿ ಹೆಚ್ಚಿಲ್ಲ ಎಂದು ತಜ್ಞರ ಸಮಿತಿ ವರದಿ ಕೊಟ್ಟದ್ದು ಆಮೇಲೆ. ಎದೆ ಡವಡವ, ಉಸಿರು ಕಟ್ಟಿದಂತೆ, ಕೈಕಾಲು ಜೋಮು, ಮೈಯೆಲ್ಲ ಬೆವರು, ‘ಈಗಲೇ ಪ್ರಾಣ ಹೋಗುತ್ತೆ’ ಅನ್ನುವ ದಿಗಿಲು: ಇವೆಲ್ಲ ಪ್ಯಾನಿಕ್ ಅಟ್ಯಾಕ್‌ನಲ್ಲೂ ಉಂಟು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೇರಿ ತಾನಾಗಿ ಇಳಿಯುತ್ತದೆ. ಹಾಗಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಎದೆನೋವಿಗೆ ಮೊದಲು ಇಸಿಜಿ ಆಗಲೇಬೇಕು. ಹೃದಯ ಗಟ್ಟಿಯಿದೆ ಎಂದು ವೈದ್ಯರು ಹೇಳಿದ ಮೇಲೂ ಅದೇ ಕಾಟ ಮರುಕಳಿಸಿದರೆ ಮನೋವೈದ್ಯರನ್ನು ಕಾಣುವ ಹೊತ್ತು ಬಂತೆಂದು ಲೆಕ್ಕ.

◆ ಖಿನ್ನತೆ ಅಂದರೆ ಅಳುತ್ತಾ ಕೂರುವುದೇ? ನಮ್ಮ ಹಳ್ಳಿಗಳಲ್ಲಿ ಅದು ಆಸ್ಪತ್ರೆಗೆ ಬರುವುದು ಮೈಕೈ ನೋವು, ತಲೆಭಾರ, ಹೊಟ್ಟೆಯುರಿ, ‘ನಿಶ್ಶಕ್ತಿ ಡಾಕ್ಟ್ರೇ, ಒಂದು ಗ್ಲೂಕೋಸ್ ಹಾಕಿ’ ಎಂದು. ಬೆಳಗಿನ ಜಾವ ಮೂರಕ್ಕೇ ಎಚ್ಚರ. ಎಚ್ಚರವಾದರೂ ಹಾಲು ಕರೆಯಲು ಏಳಲಾಗದಷ್ಟು ಮೈಭಾರ. ಅನ್ನ ಸೇರದು. ಹೊಳೆನರಸೀಪುರದಿಂದ ಮಗಳು-ಮೊಮ್ಮಗು ಬಂದರೂ ಮುಖದಲ್ಲಿ ಗೆಲುವಿಲ್ಲ. ಎರಡು ವಾರ ಬಿಡದೆ ಹೀಗಿದ್ದರೆ ತೋರಿಸಿ. ಥೈರಾಯ್ಡ್, ರಕ್ತಹೀನತೆಗಳೂ ಇದೇ ವೇಷದಲ್ಲಿ ಬರುವುದರಿಂದ ವೈದ್ಯರು ರಕ್ತ ಪರೀಕ್ಷೆ ಬರೆದರೆ ‘ಮನಸ್ಸಿಗೂ ರಕ್ತಕ್ಕೂ ಏನು ಸಂಬಂಧ’ ಎಂದು ತಕರಾರು ತೆಗೆಯಬೇಡಿ.

◆ ಖಿನ್ನತೆಯ ಮಾತ್ರೆ ನಿದ್ದೆ ಮಾತ್ರೆಯಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕೇ ದಿನಕ್ಕೆ ‘ಇದು ನನಗೆ ಒಗ್ಗಲಿಲ್ಲ’ ಎಂದು ಬಿಡುವವರೂ ಹಾಳು, ಹುಷಾರಾಯಿತೆಂದು ತಾವೇ ನಿಲ್ಲಿಸುವವರೂ ಹಾಳು.

◆ ವರ್ಷಗಟ್ಟಲೆ ದಿನಾ ಕುಡಿದವರು ಶಬರಿಮಲೆಗೆ ಮಾಲೆ ಹಾಕಿ ಒಮ್ಮೆಗೇ ಬಿಟ್ಟರೆಂದುಕೊಳ್ಳಿ. ಮೊದಲು ಕೈ ನಡುಕ, ನಿದ್ದೆಯಿಲ್ಲ. ಎರಡು-ಮೂರು ದಿನ ಕಳೆಯುತ್ತಲೇ ಗೋಡೆಯ ಮೇಲೆ ಹುಳ ಕಾಣುತ್ತದೆ, ಹೆಂಡತಿಯ ಗುರುತು ಸಿಗುವುದಿಲ್ಲ, ಫಿಟ್ಸ್ ಕೂಡ ಬರಬಹುದು. ಮಡಿ ಕೆಟ್ಟು ಸ್ವಾಮಿ ಮುನಿದದ್ದೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಹಠಾತ್ತನೆ ಮದ್ಯ ನಿಂತದ್ದಕ್ಕೆ ಮಿದುಳು ಕೆರಳಿರುತ್ತದೆ. ಚಿಕಿತ್ಸೆ ತಡವಾದರೆ ಜೀವಕ್ಕೇ ಅಪಾಯ. ನೇರ 108ಕ್ಕೆ ಫೋನ್ ಮಾಡಿ. ಕುಡಿತ ಬಿಡುವ ಸಂಕಲ್ಪ ಒಳ್ಳೆಯದೇ. ಮಾಲೆಗೆ ಮುಂಚೆ ಒಮ್ಮೆ ವೈದ್ಯರನ್ನು ಕಂಡರೆ ಆಯಿತು, ಸ್ವಾಮಿಯೇನೂ ಬೇಸರ ಮಾಡಿಕೊಳ್ಳುವುದಿಲ್ಲ.

◆ ಬಾಣಂತಿ ಸನ್ನಿ ಸಾಮಾನ್ಯವಾಗಿ ಶುರುವಾಗುವುದು ಹೆರಿಗೆಯಾದ ಎರಡು ವಾರದೊಳಗೆ. ಸಾವಿರ ಹೆರಿಗೆಗೆ ಒಂದೆರಡು. ರಾತ್ರಿಯಿಡೀ ನಿದ್ದೆಯಿಲ್ಲ, ಅಸಂಬದ್ಧ ಮಾತು, ಮಗುವಿನ ಮೇಲೇ ಅನುಮಾನ. ‘ಮೂರು ತಿಂಗಳು ಕಳೀಲಿ’ ಎಂದು ಅಜ್ಜಿಯರು ಹೇಳಿದರೆ ಕೇಳಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ತಾಯಿ-ಮಗುವನ್ನು ಒಂಟಿಯಾಗಿ ಬಿಡಬೇಡಿ. ತಾಯಿ-ಮಗು ಇಬ್ಬರನ್ನೂ ಒಟ್ಟಿಗೇ ಸೇರಿಸಿಕೊಳ್ಳುವ ವಾರ್ಡ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

◆ ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟಿಹಾಕುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ನಿಷೇಧಿಸಿದೆ. ಆರೋಗ್ಯ ವಿಮೆಯಲ್ಲಿ ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಗೂ ಭೇದ ಮಾಡುವಂತಿಲ್ಲ ಎಂದಿರುವುದೂ ಅದೇ ಕಾಯ್ದೆ.

◆ ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ಹಲವರಿಗಿದೆ. ಹಾಗಾಗುವುದಿಲ್ಲ. ಕೇಳಿದಾಗ ಎದೆಯ ಭಾರ ಇಳಿಸಿಕೊಂಡವರೇ ಹೆಚ್ಚು. ಹೌದೆಂದರೆ ಒಬ್ಬರನ್ನೇ ಬಿಟ್ಟು ಹೋಗಬೇಡಿ. ಆಲೂಗಡ್ಡೆಗೆ, ಹೊಗೆಸೊಪ್ಪಿಗೆ ತಂದಿಟ್ಟ ಔಷಧಿಯನ್ನು ಬೀಗ ಹಾಕಿ ಬೇರೆಯವರ ಸುಪರ್ದಿಗೆ ಕೊಡಿ. ಮನಸ್ಸಿನ ಸಂಕಟಕ್ಕೆ ಫೋನಿನಲ್ಲೇ ನೆರವಾಗುವ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಹಗಲೂ ರಾತ್ರಿ ಉಂಟು, ಉಚಿತ, ಕನ್ನಡದಲ್ಲೇ ಮಾತಾಡಬಹುದು.

◆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕನ್ನಡದಲ್ಲಿ ಸಂದದ್ದು ಮನಶ್ಶಾಸ್ತ್ರದ ಪುಸ್ತಕಕ್ಕೆ: ‘ಮನಮಂಥನ’. ಬರೆದವರು ‘ಕೊರವಂಜಿ’ ಪತ್ರಿಕೆಯಲ್ಲಿ ನಾಡನ್ನೆಲ್ಲ ನಗಿಸಿದ ವೈದ್ಯ, ರಾಶಿ.

◆ ದೇಶಕ್ಕೆಲ್ಲ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ನಮ್ಮ ಬಳ್ಳಾರಿಯಲ್ಲಿ. 1985ರಿಂದ ನಿಮ್ಹಾನ್ಸ್ ತಜ್ಞರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ಚಿಕಿತ್ಸೆ ಕೊಡಿಸಿದರು. 1996ರಲ್ಲಿ ಕೇಂದ್ರ ಸರ್ಕಾರ ಅದನ್ನೇ ಹಿಡಿದು ಬೇರೆ ರಾಜ್ಯಗಳಿಗೂ ಒಯ್ದಿತು.

◆ ಹಾಗಾಗಿ ‘ಬೆಂಗಳೂರಿಗೆ ಯಾರು ಅಲೆಯೋರು’ ಎಂಬ ಮಾತು ಬೇಕಿಲ್ಲ. ಹಾಸನದ ವೈದ್ಯಕೀಯ ಕಾಲೇಜಿನಲ್ಲಿ, ಅಂದರೆ ನಾವು ಈಗಲೂ ಚಾಮರಾಜೇಂದ್ರ ಆಸ್ಪತ್ರೆ ಎನ್ನುವ ಹಿಮ್ಸ್‌ನಲ್ಲಿ, ಮನೋವೈದ್ಯಕೀಯ ವಿಭಾಗವಿದೆ. ಮನೋಚೈತನ್ಯ ಎಂಬ ರಾಜ್ಯ ಸರ್ಕಾರದ ಯೋಜನೆಯಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಬರುವ ಏರ್ಪಾಡಿದೆ. ಹೊಳೆನರಸೀಪುರಕ್ಕೆ ಯಾವ ಮಂಗಳವಾರ, ಅರಕಲಗೂಡು, ಚನ್ನರಾಯಪಟ್ಟಣಕ್ಕೆ ಯಾವುದು ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಮೊದಲೇ ಕೇಳಿಕೊಳ್ಳಿ. ಹೋಗುವಾಗ ಹಳೇ ಚೀಟಿಗಳು, ಈಗ ನುಂಗುತ್ತಿರುವ ಬಿಪಿ-ಶುಗರ್ ಮಾತ್ರೆಗಳು ಕೈಯಲ್ಲಿರಲಿ. ಜತೆಗೆ ರೋಗಿಯ ನಿದ್ದೆ-ಊಟ ಕಣ್ಣಾರೆ ಕಂಡವರೊಬ್ಬರು ಹೋಗಲಿ. ಮನೆಯಲ್ಲಿ ಮೂರು ದಿನದಿಂದ ಮಲಗದವರು ವೈದ್ಯರ ಮುಂದೆ ‘ನಿದ್ದೆ ಚೆನ್ನಾಗಿ ಬರ್ತದೆ ಸಾರ್’ ಎನ್ನುವುದು ಉಂಟು.