ದಮ್ಮಿಗೆ ಮದ್ದು ಘಟ್ಟದ ಮೇಲಿದೆಯೇ?

ಸಂಘದ ಕಚೇರಿಗೆ ಬರುವ ಅರ್ಜಿಗಳೆಂದರೆ ಬೆಳೆಸಾಲ, ಗೊಬ್ಬರ, ಮೈಲುತುತ್ತು, ಪಂಪುಸೆಟ್ಟು ಇಷ್ಟರಲ್ಲೇ ಮುಗಿಯುತ್ತಿದ್ದ ಕಾಲವೊಂದಿತ್ತು. ಈಗ ಕೆಲವು ವರ್ಷಗಳಿಂದ ಬೇರೊಂದು ಬಗೆಯ ಅರ್ಜಿಯೂ ಆಗಾಗ ಮೇಜಿಗೆ ಬರುತ್ತಿದೆ. ಜಾಗ ಮಾರಿ ಘಟ್ಟದ ಮೇಲಕ್ಕೆ ಹೋಗುವವರಿದ್ದೇವೆ, ಪಾಲುಹಣ ಹಿಂದಿರುಗಿಸಿರಿ ಎಂಬ ಅರ್ಜಿ. ಕಾರಣ ವಿಚಾರಿಸಿದರೆ ಅಡಿಕೆಯ ಧಾರಣೆಯಲ್ಲ, ಕೊಳೆರೋಗವಲ್ಲ, ಅಣ್ಣತಮ್ಮಂದಿರ ಪಾಲುಪಟ್ಟಿಯೂ ಅಲ್ಲ. ಮನೆಯಲ್ಲಿ ಮಗುವಿಗೋ ಮಡದಿಗೋ ದಮ್ಮು, ಸಾಲುಸಾಲು ಸೀನು, ಮಳೆಗಾಲದ ರಾತ್ರಿ ಕೂತೇ ಬೆಳಗು ಮಾಡುವ ಪಾಡು. ‘ಹವೆ ಬದಲಾಯಿಸಿ ನೋಡಿ’ ಎಂದು ಯಾರೋ ಹೇಳಿದ್ದಾರೆ.

ಈ ಮಾತನ್ನು ತಳ್ಳಿಹಾಕುವಂತಿಲ್ಲ, ಹಾಗೆಯೇ ನಂಬಿ ತೋಟ ಮಾರುವಂತೆಯೂ ಇಲ್ಲ. ವಿಷಯವನ್ನು ಸ್ವಲ್ಪ ಬಿಡಿಸಿ ನೋಡುವುದು ಲೇಸು.

ಹವೆ ಬದಲಾವಣೆಯ ಸಲಹೆ ನಮ್ಮಲ್ಲಿ ಹೆಚ್ಚಾಗಿ ಕ್ಷಯರೋಗದ ಕಾಲದಿಂದ ಬಂದದ್ದು. ಔಷಧವಿಲ್ಲದ ಆ ದಿನಗಳಲ್ಲಿ ಒಣಹವೆ, ಬಿಸಿಲು, ವಿಶ್ರಾಂತಿ ಇವೇ ಚಿಕಿತ್ಸೆ. ಮದನಪಲ್ಲಿಯ ಆರೋಗ್ಯವರಂ, ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆರೋಗ್ಯಧಾಮ ಎಲ್ಲವೂ ಈ ನಂಬಿಕೆಯ ಮೇಲೆ ಎದ್ದು ನಿಂತವು. ಬಳಿಕ ಔಷಧಗಳು ಬಂದವು. ಮದರಾಸಿನ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರದವರು ಆರೋಗ್ಯಧಾಮದಲ್ಲಿಟ್ಟ ರೋಗಿಗಳನ್ನೂ ಮನೆಯಲ್ಲೇ ಗುಳಿಗೆ ನುಂಗಿದ ಬಡ ರೋಗಿಗಳನ್ನೂ ಹೋಲಿಸಿ 1959ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಿಷ್ಕಿಂಧೆಯಂಥ ಮನೆಯಲ್ಲಿದ್ದು ಔಷಧ ತೆಗೆದುಕೊಂಡವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣ ಹೊಂದಿದ್ದರು. ಕ್ಷಯದ ಮಟ್ಟಿಗೆ ಹವೆಯ ಮಹಿಮೆ ಅಲ್ಲಿಗೆ ಮುಗಿಯಿತು. ಆದರೆ ಸಲಹೆ ಮಾತ್ರ ಉಳಿಯಿತು. ಕ್ಷಯವನ್ನು ಬಿಟ್ಟು ದಮ್ಮಿಗೆ ಅಂಟಿಕೊಂಡಿತು.

ದಮ್ಮಿನ ಸಂಗತಿ ಬೇರೆ. ಇಲ್ಲಿ ಹವೆಗೆ ನಿಜವಾದ ಪಾತ್ರವಿದೆ. ಒಗ್ಗದ ವಸ್ತುವಿಗೆ ದೇಹ ತೋರಿಸುವ ಅತಿರೇಕಕ್ಕೆ 1906ರಲ್ಲಿ ‘ಅಲರ್ಜಿ’ ಎಂಬ ಹೆಸರಿಟ್ಟವರು ವಿಯೆನ್ನಾದ ವೈದ್ಯ ಪಿರ್ಕೆ. ಮನೆಯ ಧೂಳಿಗೆ ಕೆಲವರು ಸೀನುವುದೇಕೆ ಎಂಬುದು ಮಾತ್ರ ಬಹುಕಾಲ ಗೊತ್ತಾಗಲಿಲ್ಲ. ಹಾಲೆಂಡಿನ ಲೈಡನ್ ಪಟ್ಟಣದ ವೂರ್‌ಹಾರ್ಸ್ಟ್ ಮತ್ತು ಸಂಗಡಿಗರು 1964ರಲ್ಲಿ ಕಳ್ಳನನ್ನು ಹಿಡಿದರು. ಅದೊಂದು ನುಸಿ. ತೊಂಬತ್ತರ ದಶಕದ ಕೊನೆಗೆ ತೆಂಗಿನ ಕಾಯಿಗೆ ಬಂದ ನುಸಿಯ ಹಾವಳಿಯನ್ನು ಕಂಡ ನಮಗೆ ಹೆಸರು ಹೊಸತಲ್ಲ. ಜಾತಿ ಬೇರೆ, ಅಷ್ಟೆ. ಕಾಲು ಮಿಲಿಮೀಟರಿನಷ್ಟು ಗಾತ್ರದ ಈ ಧೂಳುನುಸಿ ಹಾಸಿಗೆ, ತಲೆದಿಂಬು, ಕಂಬಳಿಗಳಲ್ಲಿ ನಮ್ಮದೇ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ಅದು ಕಚ್ಚುವುದಿಲ್ಲ. ಅದರ ಹಿಕ್ಕೆಯ ಪುಡಿ ಉಸಿರಿನೊಡನೆ ಒಳಗೆ ಹೋಗುವುದೇ ತೊಂದರೆ.

ಈ ನುಸಿಗೆ ನೀರು ಕುಡಿಯಲು ಬಾರದು. ಗಾಳಿಯ ತೇವವನ್ನೇ ಹೀರಿಕೊಳ್ಳಬೇಕು. ಗಾಳಿಯಲ್ಲಿ ಸಾಪೇಕ್ಷ ತೇವಾಂಶ ಶೇಕಡ 50ಕ್ಕಿಂತ ಕೆಳಗಿಳಿದು ಬಹುಕಾಲ ಹಾಗೆಯೇ ನಿಂತರೆ ಒಣಗಿ ಸಾಯುತ್ತದೆ. ಇನ್ನು ನಮ್ಮೂರನ್ನು ನೋಡಿ. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಆಟಿ ತಿಂಗಳಲ್ಲಿ ಕಪಾಟಿನ ಚಪ್ಪಲಿಗೂ ಬೂಸಲು, ಪಾಸುಪುಸ್ತಕಕ್ಕೂ ಬೂಸಲು. ನುಸಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಬೇಡ, ಬೂಸಲಿನ ಬೀಜಕಣಗಳಿಗೂ ಅಷ್ಟೆ. ಮುರಕಲ್ಲಿನ ಗೋಡೆ ನೀರು ಹೀರುತ್ತದೆಂಬುದು ಹಳೆಯ ಮಾತು. ಆದರೂ ಹಂಚಿನ ಮಾಡಿನ ಸಂದಿಯಿಂದ ಗಾಳಿ ಆಡುತ್ತಿತ್ತು. ಈಗ ಕಾಂಕ್ರೀಟು ತಾರಸಿ ಹಾಕಿ, ಸೊಳ್ಳೆ ಬಾರದಂತೆ ಕಿಟಕಿ ಬಿಗಿದು, ಒಳಗೆ ಒದ್ದೆಬಟ್ಟೆ ಒಣಗಹಾಕುವ ಮನೆಗಳಲ್ಲಿ ತೇವ ಹೊರಹೋಗುವ ದಾರಿಯೇ ಇಲ್ಲ. ಹೊಸ ಮನೆ ಕಟ್ಟಿದ ಮೇಲೆಯೇ ಮಗುವಿಗೆ ಕೆಮ್ಮು ಹೆಚ್ಚಿತು ಎನ್ನುವವರ ಮಾತಿನಲ್ಲಿ ತಥ್ಯವಿಲ್ಲದಿಲ್ಲ.

ಒಣಗಿದ ಎತ್ತರದ ಊರಿಗೆ ಹೋದರೆ ಗುಣ ಕಾಣುವುದೆಂಬುದಕ್ಕೆ ಯೂರೋಪಿನಲ್ಲಿ ಒಳ್ಳೆಯ ಆಧಾರಗಳಿವೆ. ಸ್ವಿಟ್ಜರ್ಲೆಂಡಿನ ದಾವೋಸ್ ಸಮುದ್ರಮಟ್ಟದಿಂದ 1,500 ಮೀಟರಿಗೂ ಮೇಲಿದೆ. ಡಚ್ಚರು ಅಲ್ಲಿ ತಮ್ಮ ಆಸ್ತಮಾ ರೋಗಿಗಳಿಗಾಗಿ ಚಿಕಿತ್ಸಾಲಯವನ್ನೇ ನಡೆಸಿದರು. ಇಟಲಿಯ ಮಿಸುರಿನಾದಲ್ಲೂ ಇಂಥದೇ ಒಂದು ಮಕ್ಕಳ ಧಾಮವಿತ್ತು. ಅಲ್ಲಿದ್ದ ಕೆಲವು ತಿಂಗಳಲ್ಲಿ ಮಕ್ಕಳ ಶ್ವಾಸನಾಳದ ಉರಿ ಇಳಿದದ್ದನ್ನು ವೈದ್ಯರು ಅಳೆದು ತೋರಿಸಿದ್ದಾರೆ. ಅದೇ ಮಕ್ಕಳು ಬಯಲಿನ ಮನೆಗೆ ಮರಳಿದ ಮೇಲೆ ಕೆಲವೇ ತಿಂಗಳಲ್ಲಿ ಗಳಿಸಿದ ಲಾಭ ಕರಗಿದ್ದನ್ನೂ ತೋರಿಸಿದ್ದಾರೆ. ಎಂದರೆ ಬೇಸಿಗೆ ರಜೆಯಲ್ಲಿ ಹದಿನೈದು ದಿನ ನೆಂಟರ ಮನೆಗೆ ಕಳುಹಿಸಿ ‘ಅಲ್ಲಿ ಚೆನ್ನಾಗಿದ್ದ’ ಎಂದು ತೀರ್ಮಾನಿಸಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ನಮ್ಮೂರಲ್ಲೂ ಆ ಮಗು ಚೆನ್ನಾಗಿಯೇ ಇದ್ದೀತು.

ಎತ್ತರವೆಂದ ಕೂಡಲೆ ನಮ್ಮವರ ಮನಸ್ಸು ಓಡುವುದು ಚಿಕ್ಕಮಗಳೂರು, ಕೊಡಗಿನ ಕಡೆಗೆ. ಅಡಿಕೆ ಮಾರಿ ಕಾಫಿ ಜಾಗ ತೆಗೆಯುವ ಆಸೆಯೂ ಇದರೊಂದಿಗೆ ಸೇರಿರುತ್ತದೆನ್ನಿ! ಆದರೆ ನುಸಿಯನ್ನು ಕೊಲ್ಲುವುದು ಎತ್ತರವಲ್ಲ, ಒಣಹವೆ. ದಕ್ಷಿಣ ಅಮೆರಿಕದ ಕ್ವಿಟೊ ಪಟ್ಟಣ 2,800 ಮೀಟರ್ ಎತ್ತರದಲ್ಲಿದ್ದರೂ ಹವೆ ತೇವವಾದ್ದರಿಂದ ಅಲ್ಲಿನ ಹಾಸಿಗೆಗಳಲ್ಲಿ ನುಸಿ ಧಾರಾಳವಾಗಿದೆ. ನಮ್ಮ ಮಲೆನಾಡಿನ ಮಳೆಯ ಪರಿಚಯ ಸದಸ್ಯರಿಗೆ ನಾನು ಮಾಡಿಕೊಡಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂಬಳಿ ಒಣಗದ ಊರಿಗೆ ದಮ್ಮಿನ ಮಗುವನ್ನು ಒಯ್ಯುವುದೆಂದರೆ ಬಾಣಲೆಯಿಂದ ಬೆಂಕಿಗೆ ಅಲ್ಲವಾದರೂ ಬಾಣಲೆಯಿಂದ ಇನ್ನೊಂದು ಬಾಣಲೆಗೆ. ಮೇಲಾಗಿ ಚಳಿಗೆ ಒಲೆಯ ಹೊಗೆ ಬೇರೆ.

ಹಾಗಾದರೆ ಘಟ್ಟ ದಾಟಿ ಬಯಲುಸೀಮೆಗೆ? ಮೈಸೂರು, ಬೆಂಗಳೂರುಗಳಲ್ಲಿ ಮಳೆ ನಮ್ಮ ಕಾಲುಪಾಲು. ನುಸಿ ಕಡಿಮೆಯಾಗುವುದು ಸಹಜ. ಆದರೆ ಅಲ್ಲಿ ಪಾರ್ಥೇನಿಯಂ ಕಾದಿರುತ್ತದೆ. ಅದರ ಪರಾಗ ಮೂಗಿಗೂ, ಸೋಂಕಿದರೆ ಚರ್ಮಕ್ಕೂ ಶತ್ರು. ವಾಹನದ ಹೊಗೆ ಮತ್ತೊಂದು. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಇಪ್ಪತ್ತು ಸಾವಿರ ಮಕ್ಕಳ ಲೆಕ್ಕ ಇಟ್ಟು ನೋಡಿದಾಗ ಆಸ್ತಮಾ ಇದ್ದವರು 1979ರಲ್ಲಿ ಶೇಕಡ 9, 1999ರಲ್ಲಿ ಶೇಕಡ 29.5. ಇದು ಆಸ್ಪತ್ರೆಯ ಲೆಕ್ಕ, ಊರಿನ ಎಲ್ಲ ಮಕ್ಕಳದ್ದಲ್ಲ ಎಂಬುದನ್ನು ನೆನಪಿಡಬೇಕು. ಆದರೂ ಒಂದು ಕಾಲಕ್ಕೆ ಆರೋಗ್ಯಕರ ಹವೆಗೆಂದು ಜನ ಹೋಗಿ ನೆಲಸುತ್ತಿದ್ದ ನಗರದ ಅವಸ್ಥೆ ಇದು.

ಅಮೆರಿಕದ ಅರಿಜೋನಾ ಮರುಭೂಮಿಯ ಟೂಸಾನ್ ಪಟ್ಟಣದ ಕಥೆ ಇನ್ನೂ ವಿಚಿತ್ರ. ಒಣಹವೆಗಾಗಿ ದಮ್ಮಿನವರು ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಹೋದರು. ಹೋದವರು ಸುಮ್ಮನಿರಬೇಕಲ್ಲ, ತವರಿನ ನೆನಪಿಗೆ ಹಿಪ್ಪುನೇರಳೆ, ಆಲಿವ್ ಮರ ನೆಟ್ಟರು, ಅಂಗಳಕ್ಕೆ ಗರಿಕೆ ಹಾಕಿ ನೀರು ಬಿಟ್ಟರು. ಕೆಲವು ದಶಕಗಳಲ್ಲಿ ಪರಾಗ ಎಷ್ಟೆಂದರೆ 1980ರ ದಶಕದಲ್ಲಿ ಅಲ್ಲಿನ ಆಡಳಿತ ಇಂಥ ಮರಗಳ ಮಾರಾಟವನ್ನೇ ನಿಷೇಧಿಸಬೇಕಾಯಿತು. ಇತ್ತ ಮೆಲ್ಬರ್ನ್ ನಗರದಲ್ಲಿ 2016ರ ನವೆಂಬರ್ 21ರ ಸಂಜೆ ಗುಡುಗುಮಳೆಗೆ ಹುಲ್ಲಿನ ಪರಾಗ ಸಿಡಿದು ಸಾವಿರಾರು ಜನ ಉಸಿರುಗಟ್ಟಿ ಆಸ್ಪತ್ರೆಗೆ ಓಡಿದರು, ಹತ್ತು ಮಂದಿ ತೀರಿಕೊಂಡರು. ಬಾಧೆಪಟ್ಟವರಲ್ಲಿ ನಮ್ಮ ಕಡೆಯಿಂದ, ಏಷ್ಯಾದಿಂದ ಹೋಗಿ ನೆಲಸಿದವರ ಪಾಲು ಎದ್ದುಕಾಣುವಷ್ಟಿತ್ತು. ಅಲರ್ಜಿಯ ಮೈಗೆ ಹೊಸ ಊರಿನ ಹೊಸ ವಸ್ತುವನ್ನು ದ್ವೇಷಿಸಲು ಕಲಿಯುವುದಕ್ಕೆ ಕೆಲವು ವರ್ಷ ಬೇಕು. ಮೊದಲ ಎರಡು ವರ್ಷ ಹಾಯಾಗಿದ್ದು ಆಮೇಲೆ ಶುರುವಾಯಿತು ಎನ್ನುವವರು ಈ ಕಾರಣಕ್ಕೇ ಸಿಗುತ್ತಾರೆ.

ವಾಮಂಜೂರಿನ ಆಸುಪಾಸಿನವರಿಗೆ ಇನ್ನೊಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಇಲ್ಲಿ ದೂರು ಹವೆಯದ್ದೋ ಪಚ್ಚನಾಡಿಯದ್ದೋ ಎಂಬುದನ್ನು ಮೊದಲು ಬೇರ್ಪಡಿಸಿ. ನಗರದ ಕಸವನ್ನೆಲ್ಲ ತಂದು ಸುರಿದ ಆ ಗುಡ್ಡ 2019ರ ಆಗಸ್ಟಿನ ಮಳೆಗೆ ಜಾರಿ ಮಂದಾರದ ಮನೆ, ದೈವಸ್ಥಾನ, ಅಡಿಕೆ ತೆಂಗಿನ ತೋಟಗಳ ಮೇಲೆ ಹರಿದದ್ದು ಎಲ್ಲರೂ ಬಲ್ಲರು. ತಲೆಮಾರುಗಳ ತೋಟ ಬಿಟ್ಟು ಇಪ್ಪತ್ತಕ್ಕೂ ಮಿಕ್ಕಿದ ಕುಟುಂಬಗಳು ಗೃಹಮಂಡಳಿಯ ವಸತಿಗೃಹಗಳಿಗೆ ಹೋಗಬೇಕಾಯಿತು. ಅವರು ಹವೆ ಬದಲಾಯಿಸಲು ಹೋದವರಲ್ಲ. 2023ರ ಜನವರಿಯಲ್ಲಿ ಅದೇ ರಾಶಿಗೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡಿತು. ಪ್ಲಾಸ್ಟಿಕ್ಕಿನ ಹೊಗೆಗೆ ಕೆಮ್ಮುವುದು ಅಲರ್ಜಿಯಲ್ಲ, ಅದು ಗಂಟಲಿನ ನ್ಯಾಯವಾದ ಪ್ರತಿಭಟನೆ. ಮಗುವಿಗೆ ಜನವರಿ, ಫೆಬ್ರವರಿಯಲ್ಲಿ, ಹೊಗೆ ಇತ್ತ ಬೀಸಿದ ದಿನವೇ ಉಬ್ಬಸ ಬರುತ್ತದೆಂದರೆ ಘಟ್ಟ ಹತ್ತುವ ಅಗತ್ಯವಿಲ್ಲ. ಎರಡು ಮೂರು ಮೈಲು ಆಚೆಗಿನ ಬಿಡಾರ ಸಾಕಾದೀತು. ಅದಕ್ಕಿಂತ ಮುಖ್ಯವಾಗಿ, ತೆರಳಬೇಕಾದ್ದು ಕಸವೇ ಹೊರತು ಕೃಷಿಕನಲ್ಲ ಎಂಬ ಅಭಿಪ್ರಾಯ ನನ್ನದು. ಮಳೆಗಾಲದಲ್ಲಿ, ರಾತ್ರಿಯ ಕೊನೆ ಜಾವದಲ್ಲಿ, ಹಾಸಿಗೆಯಲ್ಲೇ ಬರುವ ದಮ್ಮು ಬೇರೆ; ಅದು ನುಸಿ, ಬೂಸಲುಗಳ ಕಡೆಗೆ ಬೆರಳು ತೋರಿಸುತ್ತದೆ.

ನಮ್ಮ ಕಸುಬಿನ ಧೂಳನ್ನೂ ಮರೆಯಬಾರದು. ಚಾಲಿ ಸುಲಿಯುವಾಗ ಏಳುವ ಹುಡಿ, ಅಟ್ಟದಲ್ಲಿ ಬೂಸಲು ಹಿಡಿದ ಕರಿಗೋಟು, ಹಟ್ಟಿಯ ಹಳೆಹುಲ್ಲು ಇವೆಲ್ಲ ಮಗು ಮಲಗುವ ಕೋಣೆಯ ಗೋಡೆಯಾಚೆಯೇ ಇರುವ ಮನೆಗಳೆಷ್ಟು! ಹಸಿ ಕಾಫಿಬೀಜದ ಧೂಳು ಅಲರ್ಜಿ ತರುವುದು ಕಾಫಿ ಕಾರ್ಖಾನೆಗಳ ಕೆಲಸಗಾರರಲ್ಲಿ ಸಿದ್ಧವಾಗಿದೆ. ಹರಳು ತುಂಬಿದ್ದ ಗೋಣಿಯಲ್ಲೇ ಕಾಫಿ ತುಂಬಿದರೆ ಇನ್ನೂ ಕೇಡು. ಬೋರ್ಡೋ ದ್ರಾವಣವೂ ಸಾಧುವಲ್ಲ: ಪೋರ್ಚುಗಲ್ಲಿನ ದ್ರಾಕ್ಷಿತೋಟಗಳಲ್ಲಿ ವರ್ಷಾನುಗಟ್ಟಲೆ ಅದನ್ನು ಸಿಂಪಡಿಸಿದವರ ಶ್ವಾಸಕೋಶ ಕೆಟ್ಟದ್ದನ್ನು 1969ರಲ್ಲೇ ವೈದ್ಯರು ವರದಿ ಮಾಡಿದ್ದಾರೆ. ಮದ್ದು ಬಿಡುವವರು ಮುಖಕ್ಕೆ ಬೈರಾಸು ಸುತ್ತಿಕೊಂಡರೆ ಸಾಲದು. ಹಾಗೆಂದು ಹಟ್ಟಿಯನ್ನೇ ದೂರುವಂತೆಯೂ ಇಲ್ಲ. ಅಮೆರಿಕದಲ್ಲಿ ದನಕರುಗಳ ನಡುವೆಯೇ ಬೆಳೆಯುವ ಆಮಿಷ್ ಪಂಗಡದ ಮಕ್ಕಳಲ್ಲಿ ಆಸ್ತಮಾ ಶೇಕಡ 5ರಷ್ಟು, ಯಂತ್ರಕೃಷಿಯ ಹಟರೈಟರ ಮಕ್ಕಳಲ್ಲಿ ಶೇಕಡ 21ರಷ್ಟು ಎಂದು 2016ರಲ್ಲಿ ಪ್ರಕಟವಾಯಿತು. ಆದರೆ ಈ ರಕ್ಷಣೆ ಹಸುಗೂಸಿನಿಂದಲೇ ಬರುವಂಥದ್ದು. ದಮ್ಮು ಹಿಡಿದಾದ ಮೇಲೆ ಹಟ್ಟಿಯಲ್ಲಿ ಕೂರಿಸಿದರೆ ಫಲವಿಲ್ಲ.

ನಮ್ಮ ಸದಸ್ಯರೊಬ್ಬರು ಮೂರು ಎಕ್ರೆ ತೋಟಕ್ಕೆ ಮುಂಗಡ ತೆಗೆದುಕೊಳ್ಳುವವರೆಗೆ ಹೋಗಿದ್ದರು. ಎಂಟು ವರ್ಷದ ಮಗಳಿಗಾಗಿ. “ಜಾಗ ಇನ್ನೊಮ್ಮೆ ತೆಗೆಯಬಹುದು ರಾಯರೇ, ಮಗು ಇನ್ನೊಮ್ಮೆ ಸಿಗುತ್ತದೋ?” ಎಂದರು. ಇದಕ್ಕೆ ಎದುರಾಡುವ ಬಾಯಿ ಯಾರಿಗಿದೆ? ಮಾರುವ ಮೊದಲು ಒಂದು ಪೂರ್ತಿ ವರ್ಷ ಬಿಡಾರ ಮಾಡಿ ನೋಡಿ, ಅದಕ್ಕೂ ಮೊದಲು ಚರ್ಮಪರೀಕ್ಷೆ ಮಾಡಿಸಿ ಎಂದಷ್ಟೇ ಹೇಳಿದೆ. ಮುಂಗೈ ಮೇಲೆ ಹನಿ ಹಾಕಿ ಚುಚ್ಚಿ ನೋಡುವ ಪರೀಕ್ಷೆಯಲ್ಲಿ ಧೂಳುನುಸಿಗೆ ದೊಡ್ಡ ದದ್ದು ಎದ್ದಿತು, ಬೂಸಲಿಗೂ ಸ್ವಲ್ಪ, ಪಾರ್ಥೇನಿಯಂಗೆ ಇಲ್ಲ. ತಾಯಿ ಮಗಳು ಮೈಸೂರಿನಲ್ಲಿ ಬಾಡಿಗೆ ಮನೆ ಹಿಡಿದರು. ಆ ಮಳೆಗಾಲ ಮಗು ಒಂದು ರಾತ್ರಿಯೂ ಎದ್ದು ಕೂರಲಿಲ್ಲವಂತೆ. ಇತ್ತ ತೋಟದಲ್ಲಿ ಇವರೊಬ್ಬರೇ. ವಾರಕ್ಕೊಮ್ಮೆ ಘಟ್ಟ ಹತ್ತಿ ಇಳಿಯುವುದರಲ್ಲಿ ಎರಡನೆಯ ಸಲದ ಬೋರ್ಡೋ ತಡವಾಗಿ ಕೊಳೆಗೆ ಮೂರರಲ್ಲೊಂದು ಪಾಲು ಹೋಯಿತು. ಮುದಿ ತಾಯಿ ಮನೆ ಬಿಟ್ಟು ಬರಲಾರೆ ಎಂದು ಕೂತಿದ್ದಾರೆ. ತೋಟ ಮಾರಿಲ್ಲ, ಮುಂಗಡ ಹಿಂದೆ ಕೊಟ್ಟಾಯಿತು. ಸಂಸಾರ ಮಾತ್ರ ಈಗಲೂ ಎರಡು ಕಡೆ ಇದೆ. ಹೋದದ್ದು ತಪ್ಪೆಂದು ನಾನು ಹೇಳಲಾರೆ. ಪರೀಕ್ಷೆಯಾಗಿ, ಕಾರಣ ತಿಳಿದು, ಸರಿಯಾದ ಊರಿಗೆ ಹೋದದ್ದರಿಂದ ಫಲ ಸಿಕ್ಕಿತು.

ಹೋಗುವವರು ತೋಟದ ವ್ಯವಸ್ಥೆಯನ್ನು ಮೊದಲು ಯೋಚಿಸಬೇಕು. 1974ರ ಭೂಸುಧಾರಣೆಯ ಬಳಿಕ ಗೇಣಿಗೆ ಕೊಟ್ಟು ಹೋಗುವ ದಾರಿ ಮುಚ್ಚಿದೆ. ಉಳಿದದ್ದು ನಂಬಿಕೆಯ ಆಳು, ಇಲ್ಲವೆ ಆ ವರ್ಷದ ಫಸಲಿನ ಗುತ್ತಿಗೆ. ಗುತ್ತಿಗೆಯವನು ಕೊನೆ ಕೊಯ್ದಾನು, ಬುಡಕ್ಕೆ ಸೊಪ್ಪು ಹಾಕಲಾರ. ಮಾರಿದರೆ ಹೊಸ ತೋಟದಲ್ಲಿ ಅಡಿಕೆ ಫಸಲಿಗೆ ಬರಲು ಐದಾರು ವರ್ಷ.

ಔಷಧದ ವಿಷಯ ವೈದ್ಯರದ್ದು, ಎರಡೇ ಮಾತು ಹೇಳುತ್ತೇನೆ. ಸೇದುವ ಪಂಪು ‘ಅಭ್ಯಾಸವಾಗುತ್ತದೆ’ ಎಂಬ ಹೆದರಿಕೆಯಿಂದ ಮಕ್ಕಳನ್ನು ಒದ್ದಾಡಿಸುವ ಮನೆಗಳು ಈಗಲೂ ಇವೆ. ಹಿಡಿದ ಉಸಿರು ಬಿಡಿಸುವ ಪಂಪು ಒಂದನ್ನೇ ನಂಬಿಕೊಂಡಿರಬಾರದು, ಉರಿ ಇಳಿಸುವ ಔಷಧವೂ ಜೊತೆಗಿರಬೇಕು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ದೊಡ್ಡವರಿಗೂ ಹದಿಹರೆಯದವರಿಗೂ 2019ರಲ್ಲೇ ಹೇಳಿತು. ಮೃಗಶಿರೆಗೆ ಹೈದರಾಬಾದಿನ ಮೀನುಮದ್ದಿಗೆ ಹೋಗಿಬರುವವರನ್ನು ನಾನು ತಡೆಯಲಾರೆ. ಇತ್ತ ಪಂಪು ನಿಲ್ಲಿಸದಿದ್ದರೆ ಸಾಕು.

ಊರು ಬಿಡುವ ಮೊದಲು ಮಗು ಮಲಗುವ ಒಂದು ಕೋಣೆಯನ್ನಾದರೂ ಬಯಲುಸೀಮೆ ಮಾಡಲು ಸಾಧ್ಯವೇ ನೋಡಿ. ಬೂರುಗದ ಹತ್ತಿಯ ಹಳೆಯ ದಿಂಬು ಬಿಸಾಡಿ. ಹೊದಿಕೆ, ಹಾಸುಗಳನ್ನು ವಾರಕ್ಕೊಮ್ಮೆ ಕೈ ಸುಡುವಷ್ಟು ಬಿಸಿನೀರಲ್ಲಿ ಒಗೆಯಿರಿ. ಒದ್ದೆಬಟ್ಟೆ, ಅಡಿಕೆ ಚೀಲ ಆ ಕೋಣೆಗೆ ಬೇಡ. ಹಾಸಿಗೆಗೆ ಕವಚ ಹೊಲಿಸಿದ್ದೊಂದರಿಂದಲೇ ದೊಡ್ಡವರ ದಮ್ಮು ಇಳಿಯುವುದಿಲ್ಲವೆಂದು ಇಂಗ್ಲೆಂಡಿನವರು 2003ರಲ್ಲಿ ಕಂಡುಕೊಂಡರು. ಎಲ್ಲವನ್ನೂ ಕೂಡಿಸಿ ಮಾಡಬೇಕು. ಸಂಘದ ಕಚೇರಿಯಲ್ಲಿ ಗಾಳಿಯ ತೇವ ಅಳೆಯುವ ಸಣ್ಣ ಉಪಕರಣವೊಂದಿದೆ, ಗೋದಾಮಿನ ಉಪಯೋಗಕ್ಕೆ ತರಿಸಿದ್ದು. ಬೇಕಾದ ಸದಸ್ಯರು ಹತ್ತು ದಿನಕ್ಕೆ ಒಯ್ದು ಮಲಗುವ ಕೋಣೆಯಲ್ಲಿಟ್ಟು, ಬೆಳಿಗ್ಗೆ ಸಂಜೆಯ ಅಂಕೆ ಬರೆದಿಡಬಹುದು. ಆ ಚೀಟಿಯನ್ನು ವೈದ್ಯರಿಗೂ ತೋರಿಸಿ. ಕೊಯ್ಲಿನ ಅಡಿಕೆ ಗೋದಾಮಿಗೆ ಬರುವ ಮೊದಲು ಅದನ್ನು ಮರಳಿಸಬೇಕು.